ಎಣಿಕೆಗೆ ಸಿಗದಿದ್ದ ಪ್ರಯಾಣಗಳು: ನನ್ನ ಅನುಭವ

ಮಹಾನಗರ ಪ್ರದೇಶವೊಂದರ ಇಪ್ಪತ್ತೈದು ವರ್ಷಗಳ ಸಾರಿಗೆ ಯೋಜನೆಯಲ್ಲಿ ನನ್ನ ಪಾಲಿಗೆ ಬಂದದ್ದು ಮಾಡೆಲ್ ಕೆಲಸ, ಅಂದರೆ ಜನರ ಓಡಾಟವನ್ನು ಲೆಕ್ಕದಲ್ಲಿ ಕಟ್ಟಿ ಮುಂದಿನದನ್ನು ಅಂದಾಜಿಸುವುದು. ನಗರವನ್ನೂ ಸುತ್ತಲಿನ ಪಟ್ಟಣ, ಹಳ್ಳಿಗಳನ್ನೂ ವಲಯಗಳಾಗಿ ವಿಂಗಡಿಸಿ, ಯಾವ ವಲಯದಿಂದ ಎಷ್ಟು ಟ್ರಿಪ್ (ಒಂದು ಜಾಗದಿಂದ ಇನ್ನೊಂದಕ್ಕೆ ಒಮ್ಮೆ ಹೋಗುವುದು) ಹೊರಡುತ್ತವೆ, ಎಲ್ಲಿಗೆ ಹೋಗುತ್ತವೆ, ಬಸ್ಸಿನಲ್ಲೋ ಸ್ವಂತ ಗಾಡಿಯಲ್ಲೋ, ಯಾವ ದಾರಿ ಹಿಡಿಯುತ್ತವೆ ಎಂದು ನಾಲ್ಕು ಹಂತದಲ್ಲಿ ಲೆಕ್ಕ ಹಾಕುತ್ತೇವೆ. 1950ರ ದಶಕದಲ್ಲಿ ಡೆಟ್ರಾಯಿಟ್, ಶಿಕಾಗೊ ಅಧ್ಯಯನಗಳಲ್ಲಿ ರೂಪುಗೊಂಡ ಈ ಕ್ರಮ ಇವತ್ತಿಗೂ ಬಳಕೆಯಲ್ಲಿದೆ.

ಲೆಕ್ಕ ನಿಜಕ್ಕೆ ಹತ್ತಿರವಿದೆಯೇ ಎಂದು ನೋಡಲು ನಕ್ಷೆಯ ಮೇಲೊಂದು ಗೆರೆ ಎಳೆದು, ಅದನ್ನು ದಾಟುವವರನ್ನು ಎಣಿಸುತ್ತೇವೆ. ನಾವು ನದಿಯನ್ನೇ ಗೆರೆ ಮಾಡಿಕೊಂಡೆವು. ಸೇತುವೆ ಬಿಟ್ಟರೆ ದಾಟಲು ಬೇರೆ ದಾರಿಯಿಲ್ಲ. ಬೆಳಗಿನ ಪೀಕ್ ಅವರ್ ಲೆಕ್ಕ ತಾಳೆಯಾಯಿತು. ಮಧ್ಯಾಹ್ನದ್ದು ಆಗಲಿಲ್ಲ. ಮಾಡೆಲ್‌ನಲ್ಲಿ ಖಾಲಿ ಓಡುತ್ತಿದ್ದ ಬಸ್ಸುಗಳಲ್ಲಿ ಜನ ನಿಂತುಕೊಂಡು ಹೋಗುತ್ತಿದ್ದರು. ಯಾವುದಾದರೂ ಗುಣಕ ಹಾಕಿ ಸರಿದೂಗಿಸಬಹುದಿತ್ತು, ಮನಸ್ಸು ಒಪ್ಪಲಿಲ್ಲ. ಕಾರಣವೇ ತಿಳಿಯದ ವ್ಯತ್ಯಾಸವನ್ನು ಇಪ್ಪತ್ತೈದು ವರ್ಷ ಮುಂದಕ್ಕೆ ಹೊತ್ತುಕೊಂಡು ಹೋಗುವುದು ಹೇಗೆ?

ಸಮೀಕ್ಷೆಯ ಹುಡುಗರ ಜೊತೆ ನಾನೇ ಮನೆಮನೆಗೆ ಹೋದೆ. ಒಂದು ಮನೆಯಲ್ಲಿ ಯಜಮಾನರು ತಾವು ಆಫೀಸಿಗೆ ಹೋಗಿಬಂದದ್ದನ್ನು ಬರೆಸಿ, ಹೆಂಡತಿಯತ್ತ ಕೈ ತೋರಿಸಿ, "ಇವಳು ಎಲ್ಲೂ ಹೋಗಲ್ಲ, ಮನೇಲೇ ಇರ್ತಾಳೆ" ಅಂದರು. ಹುಡುಗ ಆಗಲೇ ಸೊನ್ನೆ ಬರೆಯುತ್ತಿದ್ದ. "ಅಮ್ಮಾ, ನಿನ್ನೆ ಎದ್ದಾಗಿನಿಂದ ಏನೇನು ಮಾಡಿದ್ರಿ ಹೇಳಿ" ಅಂತ ಆಕೆಯನ್ನೇ ಕೇಳಿದೆ. ಮಗುವನ್ನು ನಡೆಸಿಕೊಂಡು ಹೋಗಿ ಶಾಲೆಗೆ ಬಿಟ್ಟದ್ದು, ಅಲ್ಲಿಂದಲೇ ಬಸ್ ಹತ್ತಿ ಹೊಳೆಯಾಚೆ ಆಸ್ಪತ್ರೆಯಲ್ಲಿದ್ದ ಅತ್ತೆಯನ್ನು ನೋಡಿದ್ದು, ಬರುವಾಗ ಸೇತುವೆಯ ಈಚೆ ಇಳಿದು ಔಷಧಿ ಕೊಂಡದ್ದು, ಆಮೇಲೆ ತರಕಾರಿ, ಮತ್ತೆ ಶಾಲೆ, ಕೊನೆಗೆ ಮನೆ. ಆರು ಟ್ರಿಪ್. ನಮ್ಮ ಫಾರಂನಲ್ಲಿ ಒಬ್ಬೊಬ್ಬರಿಗೆ ಇದ್ದದ್ದು ಎರಡೇ ಸಾಲು: ಹೋದದ್ದು, ಬಂದದ್ದು. ಆ ಫಾರಂಗೆ ಸಹಿ ಹಾಕಿದವಳು ನಾನೇ. ಆ ರಾತ್ರಿ ನಿದ್ದೆ ಬರಲಿಲ್ಲ.

ಫಾರಂ ಬದಲಿಸಿದೆವು. ಅವರವರ ಪ್ರಯಾಣವನ್ನು ಅವರವರೇ ಹೇಳಬೇಕು, ನಡೆದದ್ದೂ ಸೇರಬೇಕು. ವಲಯಗಳನ್ನೂ ಚಿಕ್ಕದು ಮಾಡಿದೆವು, ಯಾಕೆಂದರೆ ಒಂದೇ ವಲಯದೊಳಗೆ ಶುರುವಾಗಿ ಮುಗಿಯುವ ಟ್ರಿಪ್ ಮಾಡೆಲ್‌ನ ರಸ್ತೆಗೆ ಇಳಿಯುವುದೇ ಇಲ್ಲ. ನಡಿಗೆ ಮಾಯವಾಗುವುದೇ ಅಲ್ಲಿ. ಮರುಸಮೀಕ್ಷೆಗೆ ತಿಂಗಳುಗಟ್ಟಲೆ ಹಿಡಿಯಿತು, ಬೈಗುಳವೂ ಕೇಳಿದೆ.

ಮುಂದೆ ಮನೆಗಳು ಎಲ್ಲಿ ಏಳುತ್ತವೆ ಎಂಬ ಅಂದಾಜಿಗೆ ಮೂರು ಬೇರೆ ಬೇರೆ ಚಿತ್ರ ಇಟ್ಟುಕೊಂಡೆವು. ರಸ್ತೆ ಹೋದತ್ತ ಬಡಾವಣೆ ಬೆಳೆಯುವುದರಿಂದ ಒಂದನ್ನೇ ನಂಬುವಂತಿಲ್ಲ. ಮೂರರಲ್ಲೂ ಹೊಳೆ ದಾಟುವ ಮಧ್ಯಾಹ್ನದ ಬಸ್ಸುಗಳ ಬೇಡಿಕೆ ಎದ್ದು ಕಂಡಿತು.

ಯೋಜನೆಯಲ್ಲಿ ಸೇತುವೆ ಅಗಲೀಕರಣವನ್ನು ಈಗ ಎರಡನೇ ಹಂತಕ್ಕೆ ಮುಂದೂಡಲಾಗಿದೆ. ಮೊದಲ ಹಂತದಲ್ಲಿ ಇಡೀ ದಿನ ಓಡುವ ಬಸ್ಸು, ಸೇತುವೆಯ ಎರಡೂ ಬದಿಗೆ ಫುಟ್‌ಪಾತ್, ಆಸ್ಪತ್ರೆಯ ಗೇಟಿನೆದುರೇ ಒಂದು ನಿಲ್ದಾಣ.