ಡ್ರಮ್ಸ್ ಇಲ್ಲದೆ ಹಾಡಲು ಕಲಿತದ್ದು

ಒಂದೇ ರಾಕ್ ಬ್ಯಾಂಡಿನಲ್ಲಿ 26 ವರ್ಷ ಹಾಡಿ, ಆಮೇಲೆ 9 ವರ್ಷ ವೇದಿಕೆಯ ಕಡೆ ತಲೆಹಾಕದೆ ಇದ್ದು, 58ನೆಯ ವಯಸ್ಸಿನಲ್ಲಿ ನನ್ನೊಬ್ಬನ ಹೆಸರಿನಲ್ಲಿ ಆಲ್ಬಮ್ ಮಾಡಲು ಹೊರಟಾಗ ನನ್ನನ್ನು ಕಾಡುತ್ತಿದ್ದದ್ದು ಒಂದೇ ಅಳುಕು: ತಾರಸ್ಥಾಯಿ ಇನ್ನೂ ಸಿಕ್ಕೀತೆ? ಅಳುಕು ಸುಳ್ಳಾಗಿರಲಿಲ್ಲ, ಆದರೆ ಅದು ಎರಡನೆಯ ಸಮಸ್ಯೆ. ಮೊದಲನೆಯದು ಯಾವುದೆಂದು ತಿಳಿಯುವ ಹೊತ್ತಿಗೆ ಎರಡು ತಿಂಗಳ ರೆಕಾರ್ಡಿಂಗ್ ವ್ಯರ್ಥವಾಗಿತ್ತು.

ಸ್ಟುಡಿಯೋಗೆ ಹೋಗುವ ಮುನ್ನ ಗಂಟಲಿನ ತಜ್ಞರೊಬ್ಬರನ್ನು ಕಂಡೆ. ಸ್ಟ್ರೋಬೋಸ್ಕೋಪಿ ಎಂಬ ಪರೀಕ್ಷೆಯಲ್ಲಿ, ಮಿಟುಕುವ ಬೆಳಕಿನಡಿ, ಧ್ವನಿತಂತುಗಳ ಕಂಪನ ನಿಧಾನವಾಗಿ ನಡೆಯುತ್ತಿರುವಂತೆ ಪರದೆಯ ಮೇಲೆ ಕಾಣುತ್ತದೆ. ನಾನು ಜೀವನವಿಡೀ ನೆಚ್ಚಿಕೊಂಡಿದ್ದ ಎ ಸ್ವರದಲ್ಲಿ ಸೆಕೆಂಡಿಗೆ 440 ಬಾರಿ ಒಂದಕ್ಕೊಂದು ತಾಕುವ ಆ ಮಡಿಕೆಗಳನ್ನು ಮೊದಲ ಸಲ ನೋಡಿದೆ. ಗಂಟುಗಳಿರಲಿಲ್ಲ. ಆದರೆ ವಯಸ್ಸಿನಿಂದ ಸ್ನಾಯು ತೆಳುವಾಗಿ, ಎರಡೂ ಪೂರ್ತಿ ಕೂಡಿಕೊಳ್ಳದೆ, ನಡುವಿನ ಸಂದಿನಲ್ಲಿ ಉಸಿರು ಸೋರುತ್ತಿತ್ತು. ನೀರಿನ ಲೋಟದಲ್ಲಿ ಸ್ಟ್ರಾ ಅದ್ದಿ, ಗುಳ್ಳೆ ಏಳುವಂತೆ ಊದುತ್ತಲೇ ಸ್ವರವನ್ನು ಏರಿಸಿ ಇಳಿಸುವ ಅಭ್ಯಾಸವನ್ನು ಅವರು ಹೇಳಿಕೊಟ್ಟರು. ಸ್ಟ್ರಾದಿಂದ ಹಿಂದಕ್ಕೆ ಬರುವ ಒತ್ತಡದಿಂದಾಗಿ ಧ್ವನಿತಂತುಗಳು ಹೆಚ್ಚು ಬಡಿದಾಡದೆ ಕಂಪಿಸುತ್ತವೆ. ನೋಡುವವರಿಗೆ ಮಕ್ಕಳಾಟದಂತೆ ಕಾಣುವ ಈ ಅಭ್ಯಾಸದಿಂದ ನನಗೆ ಸಿಕ್ಕಷ್ಟು ಪ್ರಯೋಜನ ಯಾವ ಕಷಾಯದಿಂದಲೂ ಸಿಕ್ಕಿಲ್ಲ.

ರೆಕಾರ್ಡಿಂಗ್ ಆರಂಭಿಸಿದ್ದು ಎಲ್ಲರೂ ಮಾಡುವ ಕ್ರಮದಲ್ಲೇ: ಮೊದಲು ಡ್ರಮ್ಸ್ ಮತ್ತು ಬೇಸ್, ಆಮೇಲೆ ಗಿಟಾರ್, ಕೊನೆಗೆ ಗಾಯನ. ನಾಲ್ಕು ಹಾಡು ಮುಗಿದ ಮೇಲೆ ಒಂದು ಸಂಜೆ ನಿರ್ಮಾಪಕರು ವಾದ್ಯಗಳ ಟ್ರ್ಯಾಕ್‌ಗಳನ್ನು ಒಂದೊಂದಾಗಿ ಮ್ಯೂಟ್ ಮಾಡುತ್ತಾ ಬಂದು, ನನ್ನ ದನಿಯೊಂದನ್ನೇ ಉಳಿಸಿ ಕೇಳಿಸಿದರು. ತೀರಿಹೋದ ತಂದೆಯನ್ನು ಕುರಿತ ಹಾಡು ಅದು. ಅದರ ಎರಡನೆಯ ಚರಣದಲ್ಲಿ ನಾನು ಯಾರನ್ನೋ ಗದರಿಸುತ್ತಿದ್ದೆ. “ಯಾರ ಮೇಲೆ ಜಗಳಕ್ಕೆ ಹೋಗಿದ್ದೀರಿ ನೀವು?” ಎಂದು ಕೇಳಿದರು. ಉತ್ತರ ಹೊಳೆಯಲು ಸ್ವಲ್ಪ ಸಮಯ ಹಿಡಿಯಿತು: ಸ್ನೇರ್ ಡ್ರಮ್ಮಿನ ಮೇಲೆ.

ಸುತ್ತ ಗದ್ದಲವಿದ್ದಾಗ ಮನುಷ್ಯ ತನಗೇ ತಿಳಿಯದಂತೆ ದನಿ ಏರಿಸುತ್ತಾನೆ. 1911ರಲ್ಲಿ ಇದನ್ನು ವಿವರಿಸಿದ ಫ್ರೆಂಚ್ ವೈದ್ಯ ಎತಿಯೆನ್ ಲೊಂಬಾರ್ ಅವರ ಹೆಸರಿನಿಂದಲೇ ಇದು ಲೊಂಬಾರ್ಡ್ ಪರಿಣಾಮ ಎನಿಸಿಕೊಂಡಿದೆ. ಡ್ರಮ್ಸ್ ಪಕ್ಕದಲ್ಲಿ ಸದ್ದು ಸುಲಭವಾಗಿ 100 ಡೆಸಿಬೆಲ್ ದಾಟುತ್ತದೆ. ಅಂಥ ಕಡೆ ಕಾಲು ಶತಮಾನ ನಿಂತವನ ಗಂಟಲು ಏನು ಕಲಿತೀತು? ಜನ ಮೆಚ್ಚಿದ, ನಾನೂ ನನ್ನದೆಂದೇ ನಂಬಿದ್ದ ಆ ಒರಟು ದನಿಯ ಅರ್ಧ ಭಾಗ ಪಕ್ಕದ ಸದ್ದನ್ನು ಮೀರುವ ಹೆಣಗಾಟವಾಗಿತ್ತು.

ಹಾಗಾಗಿ ಕ್ರಮವನ್ನೇ ತಿರುಗಿಸಿದೆವು. ಒಂದು ಗಿಟಾರ್ ಅಥವಾ ಪಿಯಾನೊ ಜೊತೆಗೆ ಮೊದಲು ಗಾಯನ. ಡ್ರಮ್ಸ್ ಎಲ್ಲಕ್ಕಿಂತ ಕೊನೆಗೆ. ಒಂಬತ್ತರಲ್ಲಿ ಆರು ಹಾಡುಗಳಿಗೆ, ಲಯ ತಪ್ಪದಿರಲೆಂದು ಹೆಡ್‌ಫೋನಿನಲ್ಲಿ ಟಿಕ್ ಟಿಕ್ ಎನ್ನುವ ಕ್ಲಿಕ್ ಕೂಡ ಬಳಸಲಿಲ್ಲ. ಇದರ ಪಾಡು ಪಟ್ಟವರು ಡ್ರಮ್ಸ್ ನುಡಿಸಿದ ಗೆಳೆಯರು. ನಾನು ಒಂದು ಪದದ ಮೇಲೆ ನಿಂತು ಮುಂದಿನದಕ್ಕೆ ಓಡುವುದನ್ನೆಲ್ಲ ಅವರು ಕಿವಿಯಿಂದಲೇ ಬಾಯಿಪಾಠ ಮಾಡಬೇಕಾಯಿತು. ಹೆಡ್‌ಫೋನಿನ ಲೆಕ್ಕವೂ ಅಷ್ಟೇ ಸೂಕ್ಷ್ಮ. ನನ್ನ ದನಿ ಅದರಲ್ಲಿ ಕಡಿಮೆ ಕೇಳಿಸಿದರೆ ಮತ್ತೆ ಕಿರುಚಾಟ. ಹೆಚ್ಚಾದರೆ ಮೈಗಳ್ಳನಂತೆ ಹಾಡಿ ಶ್ರುತಿ ಕೆಳಗೆ ಜಾರುತ್ತಿತ್ತು. ಕೊನೆಗೆ ಒಂದು ಕಿವಿಯ ಮೇಲಿನದನ್ನು ಸರಿಸಿ, ಕೋಣೆಯಲ್ಲಿ ನನ್ನ ದನಿ ಹೇಗಿದೆಯೋ ಹಾಗೆಯೇ ಕೇಳಿಸಿಕೊಳ್ಳುತ್ತಾ ಹಾಡಿದೆ.

ಮೈಕ್ ವಿಷಯದಲ್ಲಿ ನಾನು ಪೂರ್ತಿ ಮಣಿಯಲಿಲ್ಲ. ಸ್ಟುಡಿಯೋದ ಕಂಡೆನ್ಸರ್ ಮೈಕ್ ಮುಂದೆ ಒಂದು ಗೇಣು ದೂರ ನಿಂತರೆ ತುಟಿ ಬಿಡಿಸಿದ ಸದ್ದೂ ದಾಖಲಾಗುತ್ತದೆ. ಏಳು ಹಾಡುಗಳಿಗೆ ಅದೇ ಸರಿಯಾಗಿತ್ತು. ಆದರೆ ಕೈಗೆ ಕೆಲಸವಿಲ್ಲದಿದ್ದರೆ ನನ್ನ ಮೈ ಮರಗಟ್ಟುತ್ತದೆ. ಉಳಿದೆರಡನ್ನು, 1966ರಿಂದ ವೇದಿಕೆಗಳಲ್ಲಿರುವ ಶೂರ್ ಎಸ್‌ಎಂ58 ಮೈಕನ್ನು ಕೈಯಲ್ಲಿ ಹಿಡಿದು, ತುಟಿಗೆ ತಾಗಿಸಿಯೇ ಹಾಡಿದೆ. ಅಷ್ಟು ಹತ್ತಿರದಲ್ಲಿ ಮಂದ್ರ ಉಬ್ಬಿ ಬರುತ್ತದೆ; ಆ ದೋಷ ನನಗೆ ಬೇಕಿತ್ತು.

ಇನ್ನು ತಾರಸ್ಥಾಯಿ. ನಾಲ್ಕು ಹಾಡುಗಳನ್ನು ಮೂರು ಅರ್ಧಸ್ವರ ಇಳಿಸಿದೆವು. ಹಾಡುವವನಿಗೆ ಇದು ಸುಲಭ, ಗಿಟಾರಿನವರಿಗೆ ತಲೆನೋವು: ತೆರೆದ ಇ ತಂತಿಯ ಮೇಲೆ ಕಟ್ಟಿದ ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ನುಡಿ) ಬೇರೆಡೆ ಬೆರಳಿಟ್ಟರೆ ಸತ್ತುಹೋಗುತ್ತದೆ, ತಂತಿಯನ್ನೇ ಸಿ ಶಾರ್ಪ್‌ಗೆ ಸಡಿಲಿಸಿದರೆ ಝರಝರ ಎನ್ನುತ್ತದೆ. ದಪ್ಪ ತಂತಿಗಳನ್ನು ಹಾಕಿ ಆ ಗಿಟಾರನ್ನು ಆ ನಾಲ್ಕು ಹಾಡುಗಳಿಗೇ ಮೀಸಲಿಟ್ಟೆವು. ಶ್ರುತಿ ತಿದ್ದುವ ಸಾಫ್ಟ್‌ವೇರನ್ನು ಎರಡು ಕಡೆ ಬಳಸಿದ್ದೇವೆ; ಎಲ್ಲಿ ಎಂದು ಹೇಳಲಾರೆ.

ಹಾಡುಗಳ ಸದ್ದನ್ನು ಕೊನೆಯ ಸಲ ಹದಗೊಳಿಸುವ ಮಾಸ್ಟರಿಂಗ್‌ನಲ್ಲಿ ಹೆಚ್ಚು ಚರ್ಚೆ ಆಗಲಿಲ್ಲ. ಸ್ಪಾಟಿಫೈ ಎಲ್ಲ ಹಾಡುಗಳ ಸದ್ದನ್ನೂ ಸುಮಾರು −14 ಎಲ್‌ಯುಎಫ್‌ಎಸ್‌ಗೆ (ಕಿವಿಗೆ ಕೇಳುವ ಜೋರನ್ನು ಅಳೆಯುವ ಮಾನ) ಹೊಂದಿಸುವುದರಿಂದ, ಅದುಮಿ ಜೋರು ಮಾಡುವ ಹಳೆಯ ಪೈಪೋಟಿಗೆ ಅಲ್ಲಿ ಅರ್ಥವಿಲ್ಲ. ಮೆಲುದನಿ ಮೆಲುದನಿಯಾಗಿಯೇ ಉಳಿಯಿತು.

ಆಲ್ಬಮ್ ಬಂದ ಮೇಲಿನ ಮೊದಲ ಕಾರ್ಯಕ್ರಮದಲ್ಲಿ, ಡ್ರಮ್ಸ್ ಮತ್ತೆ ಬೆನ್ನ ಹಿಂದೆ ಬಂದು ಕೂತದ್ದೇ ತಡ, ಎರಡನೆಯ ಹಾಡಿಗೇ ನಾನು ಹಳೆಯ ಚಾಳಿಗೆ ಬಿದ್ದೆ. ಈಗ ಕಿವಿಯೊಳಗೆ ಇಡುವ ಮಾನಿಟರ್ ಬಳಸುತ್ತೇನೆ, ಮೂರು ಹಾಡುಗಳಿಗೆ ಗೆಳೆಯರು ಕೋಲು ಬಿಟ್ಟು ಬ್ರಷ್ ಹಿಡಿಯುತ್ತಾರೆ. ಆದರೂ ಒಂದು ಹಾಡಿನಲ್ಲಿ ಕಿರುಚದೆ ಇರಲು ನನ್ನಿಂದ ಇನ್ನೂ ಆಗಿಲ್ಲ. ಅದಾದ ಮೇಲೆ ಗಂಟಲಿಗೆ ಬೇರೆ ಕೆಲಸ ಇರಬಾರದೆಂದು ಅದನ್ನು ಪಟ್ಟಿಯ ಕಟ್ಟಕಡೆಗೆ ಇಟ್ಟುಕೊಂಡಿದ್ದೇವೆ.