ಜೋತುಬೀಳುವ ಮರ ಕೊಳ್ಳುವಾಗ ಕಸಿ ಗಂಟು ನೋಡಿ

ಚಿಕ್ಕ ಅಂಗಳಕ್ಕೆ ಕೊಂಬೆ ಜೋತುಬೀಳುವ ಮರ ತರುತ್ತೀರಾ? ಮೊದಲು ಕಸಿ ಗಂಟು, ಅಂದರೆ ಒಂದು ಗಿಡದ ಕಾಂಡಕ್ಕೆ ಇನ್ನೊಂದರ ರೆಂಬೆ ಕೂಡಿಸಿದ ಜಾಗ, ಎಷ್ಟು ಎತ್ತರದಲ್ಲಿದೆ ನೋಡಿ. ಜೋತುಬೀಳುವ ಹಿಪ್ಪುನೇರಳೆಯಂಥ ಗಿಡಗಳನ್ನು ಸಾಮಾನ್ಯವಾಗಿ ನೆಟ್ಟಗಿನ ಕಾಂಡದ ತುದಿಗೆ ಕಸಿ ಕಟ್ಟಿರುತ್ತಾರೆ. ಅಲ್ಲಿಂದ ಹೊರಟ ರೆಂಬೆ ಸ್ವಲ್ಪ ಮೇಲೆದ್ದು, ಬಾಗಿ ಕೆಳಕ್ಕೇ ಇಳಿಯುತ್ತದೆ. ಕಾಂಡವೂ ಉದ್ದ ಬೆಳೆಯುವುದಿಲ್ಲ. ಹಾಗಾಗಿ ಗಂಟು 5 ಅಡಿಯಲ್ಲಿದ್ದರೆ ಮರ ಅದಕ್ಕಿಂತ ತುಂಬಾ ಮೇಲೆ ಹೋಗುವುದಿಲ್ಲ. ಅಗಲ ಮಾತ್ರ ವರ್ಷ ವರ್ಷ ಹಿಗ್ಗುತ್ತದೆ, ಗೋಡೆಯಿಂದ ದೂರ ನೆಡಿ. ಗಂಟಿನ ಕೆಳಗೆ ನೆಟ್ಟಗೆ ಎದ್ದ ಚಿಗುರನ್ನು ಕಂಡ ಕೂಡಲೇ ಚಿವುಟಿ. ಬಿಟ್ಟರೆ ಅದೇ ಮರವಾಗಿ, ಜೋತುಬೀಳುವ ಭಾಗ ಸೊರಗುತ್ತದೆ. ಕಸಿಯಿಲ್ಲದೆ ಸ್ವಂತ ಬೇರಿನ ಮೇಲೆ ಬೆಳೆಯುವ ವೀಪಿಂಗ್ ವಿಲ್ಲೋ ಎಂಬ ಜೋತುಬೀಳುವ ಮರಕ್ಕೆ ಈ ಲೆಕ್ಕ ನಡೆಯುವುದಿಲ್ಲ. ಅದು 30 ಅಡಿ ದಾಟುತ್ತದೆ, ಬೇರು ನೀರು ಹುಡುಕಿಕೊಂಡು ಪೈಪಿನತ್ತ ಹೋಗುತ್ತದೆ. ಚಿಕ್ಕ ಅಂಗಳಕ್ಕೆ ಅದು ಖಂಡಿತ ಬೇಡ.