ಘಾಟಿಯಲ್ಲಿ ಕೆಟ್ಟು ನಿಂತ ಗಾಡಿಗೆ ಸಹಾಯ ಮಾಡುವುದು ಹೇಗೆ

ಹಾಸನದಿಂದ ಮಂಗಳೂರಿಗೆ ತರಕಾರಿ ಹೊರುವ ಪಿಕಪ್ ನನ್ನದು. ರಾತ್ರಿ ಲೋಡ್ ಮಾಡಿ, ಸಕಲೇಶಪುರ ದಾಟಿ, ಶಿರಾಡಿ ಘಾಟಿ ಇಳಿದು, ಬೆಳಗಿನ ಮಾರ್ಕೆಟ್ಟಿಗೆ ಮುಟ್ಟಿಸಬೇಕು. ಈ ದಾರಿಯಲ್ಲಿ ಕೆಟ್ಟು ನಿಂತ ಗಾಡಿ ಕಾಣದ ರಾತ್ರಿ ಕಡಿಮೆ. ನಿಲ್ಲಿಸಬೇಕಾ, ನಿಲ್ಲಿಸಿದರೆ ಏನು ಮಾಡಬೇಕು ಅಂತ ಹೊಸದಾಗಿ ಈ ಲೈನಿಗೆ ಬಂದ ಹುಡುಗರು ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ. ರಿಪೇರಿ ಇದರಲ್ಲಿ ಕೊನೆಯ ಕೆಲಸ. ನಿಂತ ಗಾಡಿ ಹಿಂದಿನಿಂದ ಬರುವವರಿಗೆ ದೂರದಿಂದಲೇ ಕಾಣಬೇಕು, ಅದರಲ್ಲಿದ್ದ ಜನ ರಸ್ತೆಯಿಂದ ಆಚೆ ಇರಬೇಕು. ಇಷ್ಟಾದರೆ ಮುಕ್ಕಾಲು ಪಾಲು ಸಹಾಯ ಮುಗಿಯಿತು.

ನಿಲ್ಲಿಸುವ ಮೊದಲು ಸ್ಪೀಡ್ ಇಳಿಸಿ, ಒಂದು ಸಲ ಸರಿಯಾಗಿ ನೋಡಿ. ಬಾನೆಟ್ ಎತ್ತಿದೆಯಾ, ಜಾಕಿ ಕೊಟ್ಟಿದ್ದಾರಾ, ಸ್ಟೆಪ್ನಿ ಕೆಳಗಿಳಿದಿದೆಯಾ, ಮಕ್ಕಳು ವಯಸ್ಸಾದವರು ಇದ್ದಾರಾ. ಕೆಟ್ಟ ಗಾಡಿಯೇ ಕಾಣದೆ ಯಾರೋ ರಸ್ತೆಗೆ ಅಡ್ಡ ಬಂದು ಕೈ ಬೀಸುತ್ತಿದ್ದರೆ ನಾನು ನಿಲ್ಲಿಸುವುದಿಲ್ಲ. ಬೈಕಿನವರು ಪಕ್ಕಕ್ಕೆ ಬಂದು "ಅಣ್ಣಾ, ಆಯಿಲ್ ಸೋರ್ತಿದೆ" ಅಂತ ಕೂಗಿದರೂ ಅಲ್ಲೇ ನಿಲ್ಲಬೇಡಿ. ಮೀಟರಿನಲ್ಲಿ ಕೆಂಪು ಲೈಟ್ ಬಂದಿಲ್ಲ ಅಂದರೆ ಮುಂದಿನ ಬಂಕಿಗೋ ಹೋಟೆಲಿಗೋ ಹೋಗಿ ನೋಡಿದರೆ ಆಯಿತು. ಹೆಂಡತಿ ಮಕ್ಕಳು ಜೊತೆಗಿದ್ದರೆ, ಅಥವಾ ನೀವು ಒಬ್ಬರೇ ಹೆಣ್ಣುಮಗಳಾಗಿದ್ದರೆ, ಡೋರ್ ಲಾಕ್ ಇರಲಿ, ಗಾಜು ನಾಲ್ಕು ಬೆರಳಷ್ಟು ಇಳಿಸಿ, ಇಂಜಿನ್ ಆಫ್ ಮಾಡದೆ ಕೇಳಿ. ಮನಸ್ಸು ಒಪ್ಪದಿದ್ದರೆ ಮುಂದೆ ಹೋಗಿ ಫೋನ್ ಮಾಡಿ. ಅದೂ ಸಹಾಯವೇ, ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಫೋನ್ ಯಾರಿಗೆ? ರಾಷ್ಟ್ರೀಯ ಹೆದ್ದಾರಿ ಆದರೆ 1033. ಬೇರೆ ಯಾವ ರಸ್ತೆಯಾದರೂ 112. ಗಾಯ ಆಗಿದ್ದರೆ 108. "ಸಕಲೇಶಪುರದ ಹತ್ತಿರ" ಅಂದರೆ ಆ ಕಡೆಯವರಿಗೆ ಏನೂ ಗೊತ್ತಾಗುವುದಿಲ್ಲ. ತಲೆಗೆ ಹಳದಿ ಬಣ್ಣ ಬಳಿದ ಕಿಲೋಮೀಟರ್ ಕಲ್ಲು ಇರುತ್ತದಲ್ವಾ, ಅದರ ನಂಬರ್ ಹೇಳಿ. ಗಾಡಿ ಯಾವ ಕಡೆ ಮುಖ ಮಾಡಿ ನಿಂತಿದೆ ಅಂತಲೂ ಹೇಳಿ, ಮಂಗಳೂರು ಕಡೆಗೋ ಬೆಂಗಳೂರು ಕಡೆಗೋ. ಘಾಟಿಯ ಕೆಲವು ಕಡೆ ನೆಟ್‌ವರ್ಕ್ ಸಿಗುವುದಿಲ್ಲ. ಆಗ ಅವರ ಹೆಸರು, ಗಾಡಿ ನಂಬರ್, ಮನೆಯವರ ಫೋನ್ ನಂಬರ್ ಬರೆದುಕೊಂಡು, ಇಳಿಯುವಾಗಾದರೆ ಗುಂಡ್ಯದಿಂದ, ಹತ್ತುವಾಗಾದರೆ ದೋಣಿಗಾಲ್ ಮುಟ್ಟಿ ಫೋನ್ ಮಾಡಿ.

ನಿಲ್ಲಿಸುವುದಾದರೆ ಎಲ್ಲಿ ನಿಲ್ಲಿಸುತ್ತೀರಿ ಅನ್ನುವುದು ದೊಡ್ಡ ವಿಷಯ. ಕೆಟ್ಟ ಗಾಡಿಯ ಹಿಂದೆ ಅಂಟಿಸಿ ನಿಲ್ಲಿಸಬೇಡಿ. ಅದನ್ನು ದಾಟಿ, ಸ್ವಲ್ಪ ಮುಂದೆ, ಎಡಕ್ಕೆ, ನಾಲ್ಕೂ ಚಕ್ರ ಟಾರಿನಿಂದ ಕೆಳಗಿಳಿಯುವ ಜಾಗ ನೋಡಿ. ತಿರುವಿನಲ್ಲಿ ಅಂಥ ಜಾಗ ಇಲ್ಲದಿದ್ದರೆ ತಿರುವು ದಾಟಿ ನಿಲ್ಲಿಸಿ, ನಡೆದು ವಾಪಸ್ ಬನ್ನಿ. ನಾಲ್ಕೂ ಇಂಡಿಕೇಟರ್ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಗೇರಿನಲ್ಲಿ ಬಿಡಿ. ಇಳಿಯುವುದು ಎಡಗಡೆ ಡೋರಿನಿಂದ. ಮಳೆಗಾಲದಲ್ಲಿ ಗುಡ್ಡ ಕೊರೆದ ಜಾಗದ ಕೆಳಗಂತೂ ನಿಲ್ಲಲೇಬೇಡಿ. 2024ರ ಜುಲೈನಲ್ಲಿ ದೊಡ್ಡತಪ್ಪಲಿನಲ್ಲಿ ಗುಡ್ಡ ಜಾರಿ ರಸ್ತೆಗೇ ಬಂದಿದ್ದು ಈ ದಾರಿಯವರಿಗೆಲ್ಲ ನೆನಪಿದೆ.

ಮಾರನಹಳ್ಳಿ ಹತ್ತಿರ ಒಂದು ರಾತ್ರಿ ಕಂಡದ್ದು ಹೇಳುತ್ತೇನೆ. ಮಂಜು, ಜಿಟಿಜಿಟಿ ಮಳೆ. ಒಂದು ಕಾರು ತಿರುವಿನಲ್ಲೇ ನಿಂತಿದೆ. ಯಜಮಾನರು ಕಾರಿನ ಹಿಂದೆ ಮೊಬೈಲ್ ಟಾರ್ಚ್ ಹಿಡಿದು ನಿಂತಿದ್ದಾರೆ, ಉರಿಯುತ್ತಿದ್ದ ಒಂದೇ ಟೈಲ್ ಲ್ಯಾಂಪಿಗೆ ಅವರ ಕಾಲೇ ಅಡ್ಡ. ಒಳಗೆ ಹೆಂಡತಿ, ಮಗು, ಹಿಂದಿನ ಸೀಟಿನಲ್ಲಿ ಅಜ್ಜಿ. ಅವರು ಮೊದಲು ಕೇಳಿದ್ದು "ಬ್ಯಾಟರಿ ನೋಡ್ತೀರಾ?" ಅಂತ. "ಬ್ಯಾಟರಿ ಆಮೇಲೆ ನೋಡೋಣ ಸಾರ್, ಮೊದಲು ಅಮ್ಮನ್ನ ಇಳಿಸಿ" ಅಂದೆ. ಅಜ್ಜಿಗೆ ಮಳೆಯಲ್ಲಿ ಇಳಿಯಲು ಇಷ್ಟವಿರಲಿಲ್ಲ, ಗೊಣಗಿದರು. ತರಕಾರಿಗೆ ಹೊದಿಸುವ ಟಾರ್ಪಾಲಿನ ಒಂದು ತುಂಡು ಕೊಟ್ಟು, ಕಬ್ಬಿಣದ ತಡೆಯ ಆಚೆ ಕಾರಿಗಿಂತ ಹಿಂದಕ್ಕೆ ಕೂರಿಸಿದೆವು. ಲಾರಿ ಬಂದು ಕಾರಿಗೆ ಗುದ್ದಿದರೆ ಕಾರು ಮುಂದಕ್ಕೆ ಹಾರುತ್ತದೆ. ಅದಕ್ಕೇ ಜನ ಹಿಂದಿನ ಕಡೆ, ತಡೆಯ ಆಚೆ ಇರಬೇಕು. ಆದರೆ ತಡೆಯ ಆಚೆ ನೆಲ ಇದೆಯಾ ಅಂತ ಟಾರ್ಚ್ ಬಿಟ್ಟು ನೋಡದೆ ಯಾರನ್ನೂ ದಾಟಿಸಬೇಡಿ. ಕೆಲವು ಕಡೆ ಸೀದಾ ಹೊಳೆ. ಎರಡು ಗಾಡಿಗಳ ನಡುವಿನ ಸಂದಿಯಲ್ಲಿ ಮಾತ್ರ ಯಾವ ಕಾರಣಕ್ಕೂ ನಿಲ್ಲಬೇಡಿ.

ಆಮೇಲೆ ತ್ರಿಕೋನ. ಹೊಸ ಕಾರಿನ ಜೊತೆ ಲೈಟ್ ಬಿದ್ದರೆ ಹೊಳೆಯುವ ಕೆಂಪು ಎಚ್ಚರಿಕೆ ತ್ರಿಕೋನ ಬಂದೇ ಬರುತ್ತದೆ, ಡಿಕ್ಕಿಯಲ್ಲಿ ಕವರಿನಲ್ಲೇ ಇರುತ್ತದೆ, ಮಾಲೀಕರಿಗೆ ಗೊತ್ತಿರುವುದಿಲ್ಲ. ಅದನ್ನು ಗಾಡಿಯಿಂದ ಹತ್ತು ಹೆಜ್ಜೆಗೆ ಇಟ್ಟರೆ ಏನೂ ಉಪಯೋಗವಿಲ್ಲ. ಗಂಟೆಗೆ 80 ಕಿಲೋಮೀಟರಿನಲ್ಲಿ ಬರುವ ಗಾಡಿ ಸೆಕೆಂಡಿಗೆ 22 ಮೀಟರ್ ಬರುತ್ತದೆ. ಡ್ರೈವರ್ ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ 30 ಮೀಟರ್ ಮುಗಿದಿರುತ್ತದೆ. ಮಾಮೂಲಿ ರಸ್ತೆಯಲ್ಲಿ 50 ಮೀಟರ್, ನಾಲ್ಕು ಪಥದ ರಸ್ತೆಯಲ್ಲಿ 100 ಮೀಟರ್ ಹಿಂದಕ್ಕೆ ಇಡಿ. ತಿರುವಿದ್ದರೆ ತಿರುವು ಶುರುವಾಗುವ ಮೊದಲೇ ಇಡಬೇಕು. ಎದುರಿನಿಂದಲೂ ಗಾಡಿ ಬರುವ ರಸ್ತೆಯಲ್ಲಿ ಮುಂದೆಯೂ ಒಂದು ಬೇಕು. ಇಡಲು ಹೋಗುವಾಗ ಟಾರಿನ ಆಚೆ, ಬರುವ ಗಾಡಿಗಳಿಗೆ ಮುಖ ಮಾಡಿ, ತ್ರಿಕೋನವನ್ನು ಎದೆಗೆ ಹಿಡಿದು ನಡೆಯಿರಿ. ಟಾರ್ಚನ್ನು ಡ್ರೈವರ್ ಕಣ್ಣಿಗೆ ಬಿಡಬೇಡಿ, ನೆಲಕ್ಕೆ ಬಿಟ್ಟು ಆಡಿಸಿ. ತ್ರಿಕೋನ ಇಲ್ಲದಿದ್ದರೆ ನಮ್ಮ ಲಾರಿಯವರ ಹಳೇ ಪದ್ಧತಿ ಇದೆ: ಹಸಿ ಸೊಪ್ಪಿನ ಕೊಂಬೆ ಮುರಿದು ರಸ್ತೆಗೆ ಹಾಕುವುದು. ಸೊಪ್ಪು ಕಂಡರೆ ಮುಂದೆ ಗಾಡಿ ನಿಂತಿದೆ ಅಂತ ಈ ಲೈನಿನ ಡ್ರೈವರ್‌ಗಳಿಗೆ ಅರ್ಥವಾಗುತ್ತದೆ. ಬೆಂಗಳೂರಿನ ಕಾರಿನವರಿಗೆ ಅರ್ಥವಾಗುತ್ತದೆ ಅಂತ ನಂಬಬೇಡಿ. ರಾತ್ರಿ ಸೊಪ್ಪು ಹೊಳೆಯುವುದೂ ಇಲ್ಲ.

ಇಷ್ಟಾದ ಮೇಲೆ ಬಾನೆಟ್.

ಬ್ಯಾಟರಿ ಇಳಿದಿದ್ದರೆ ಕೇಬಲ್ ಹಾಕಬಹುದು. ಕೆಂಪು ಕೇಬಲ್ ಮೊದಲು ಸತ್ತ ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದು ತುದಿ ಒಳ್ಳೆ ಬ್ಯಾಟರಿಯ ಪ್ಲಸ್ಸಿಗೆ. ಕಪ್ಪು ಕೇಬಲ್ ಒಳ್ಳೆ ಬ್ಯಾಟರಿಯ ಮೈನಸ್ಸಿಗೆ, ಅದರ ಕೊನೆ ತುದಿ ಸತ್ತ ಗಾಡಿಯ ಇಂಜಿನ್ನಿನ ಬರಿ ಕಬ್ಬಿಣಕ್ಕೆ, ಬ್ಯಾಟರಿಯಿಂದ ದೂರ. ಒಳ್ಳೆ ಗಾಡಿ ಸ್ಟಾರ್ಟ್ ಮಾಡಿ ಕೆಲವು ನಿಮಿಷ ಬಿಟ್ಟು, ಆಮೇಲೆ ಇನ್ನೊಂದು. ಬಿಚ್ಚುವಾಗ ಉಲ್ಟಾ. ಲಾರಿಯಿಂದ ಕಾರಿಗೆ ಮಾತ್ರ ಕೇಬಲ್ ಹಾಕಬೇಡಿ. ಲಾರಿಯದು 24 ವೋಲ್ಟ್, ಕಾರಿನದು 12. ಕಾರಿನ ವೈರಿಂಗ್ ಸುಟ್ಟುಹೋಗುತ್ತದೆ. ಆಟೋಮ್ಯಾಟಿಕ್ ಗೇರಿನ ಕಾರು ತಳ್ಳಿ ಸ್ಟಾರ್ಟ್ ಆಗುವುದಿಲ್ಲ, ಸುಮ್ನೆ ಬೆವರು ಸುರಿಸಬೇಡಿ. ಎಲೆಕ್ಟ್ರಿಕ್ ಗಾಡಿಯಾದರೆ ಕಿತ್ತಳೆ ಬಣ್ಣದ ದಪ್ಪ ವೈರ್ ಮುಟ್ಟಬೇಡಿ, ಹಗ್ಗ ಕಟ್ಟಿ ಎಳೆಯಲೂ ಬೇಡಿ. ಅದನ್ನು ಇನ್ನೊಂದು ಗಾಡಿಯ ಮೇಲೇರಿಸಿಯೇ ಒಯ್ಯಬೇಕು.

ಘಾಟಿ ಹತ್ತುವಾಗ ಇಂಜಿನ್ ಬಿಸಿಯಾಗಿ ನಿಂತಿದ್ದರೆ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಬೇಡಿ. ಅರ್ಧ ಗಂಟೆ ಕಾದರೂ ಮುಟ್ಟಿ ನೋಡಿಯೇ ತೆಗೆಯಿರಿ. ಇಳಿಯುವಾಗ ಲಾರಿಯ ಚಕ್ರದಲ್ಲಿ ಹೊಗೆ ಬಂದಿದ್ದರೆ ಅದು ಬ್ರೇಕ್ ಲೈನರ್ ಕಾದದ್ದು. ಬೆಂಕಿ ಇಲ್ಲ ಅಂದರೆ ನೀರು ಸುರಿಯಬೇಡಿ, ಕಾದ ಡ್ರಮ್ ಸೀಳುತ್ತದೆ. ಚಕ್ರಕ್ಕೆ ಕಲ್ಲು ಕೊಟ್ಟು ತಾನಾಗಿ ಆರಲು ಬಿಡಿ. ರಸ್ತೆ ಕಡೆಯ ಟೈರ್ ಪಂಕ್ಚರ್ ಆಗಿದ್ದರೆ ಅಲ್ಲೇ ಜಾಕಿ ಕೊಟ್ಟು ಕೂರಬೇಡಿ. ರಿಮ್ ಹಾಳಾದರೂ ಪರವಾಗಿಲ್ಲ, ನಿಧಾನಕ್ಕೆ ಸಮತಟ್ಟಾದ ಜಾಗಕ್ಕೆ ಉರುಳಿಸಿ. ರಿಮ್ ಹೊಸದು ಸಿಗುತ್ತದೆ.

ಈ ದಾರಿಯಲ್ಲಿ ಮಂಗಳೂರಿನಿಂದ ಬರುವ ಗ್ಯಾಸ್ ಟ್ಯಾಂಕರ್ ಜಾಸ್ತಿ. 2013ರ ಏಪ್ರಿಲ್‌ನಲ್ಲಿ ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲಿ ಟ್ಯಾಂಕರ್ ಮಗುಚಿ ಬೆಂಕಿ ಹತ್ತಿ ಜನ ಸತ್ತರು, ಪಕ್ಕದ ಮನೆಗಳೂ ಸುಟ್ಟವು. ಮಗುಚಿದ ಟ್ಯಾಂಕರ್ ಕಂಡರೆ, ಗ್ಯಾಸ್ ವಾಸನೆ ಬಂದರೆ, ಹತ್ತಿರ ಹೋಗಬೇಡಿ. ಆ ಗ್ಯಾಸ್ ಗಾಳಿಗಿಂತ ಭಾರ, ತಗ್ಗಿನಲ್ಲಿ ತುಂಬಿಕೊಳ್ಳುತ್ತದೆ. ದೂರದಲ್ಲೇ ನಿಂತು ಹಿಂದಿನ ಗಾಡಿಗಳನ್ನು ತಡೆಯಿರಿ, ವಾಸನೆ ಇಲ್ಲದ ಎತ್ತರದ ಜಾಗಕ್ಕೆ ಹೋಗಿ 112ಕ್ಕೆ ಫೋನ್ ಮಾಡಿ.

ಬೈಕಿನವರು ಬಿದ್ದಿದ್ದರೆ ಎತ್ತಿ ಕೂರಿಸಬೇಡಿ, ನೀರು ಕುಡಿಸಬೇಡಿ. ಉಸಿರಾಡುತ್ತಿದ್ದರೆ ಹೆಲ್ಮೆಟ್ಟನ್ನು ಎಳೆಯಬೇಡಿ. "ಪೊಲೀಸ್ ಕೇಸಾಗುತ್ತೆ" ಅಂತ ಹೆದರುವವರು ಇನ್ನೂ ಇದ್ದಾರೆ. ಸಹಾಯ ಮಾಡಿದವರಿಗೆ ತೊಂದರೆ ಆಗದಂತೆ ಕಾಪಾಡುವ ನಿಯಮಗಳಿಗೆ ಸುಪ್ರೀಂ ಕೋರ್ಟ್ 2016ರಲ್ಲೇ ಒಪ್ಪಿಗೆ ಕೊಟ್ಟಿತು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿತು. ಕರ್ನಾಟಕದ್ದೇ ಬೇರೆ ಕಾಯ್ದೆಯೂ ಇದೆ. ಸಹಾಯಕ್ಕೆ ಬಂದವರು ಹೆಸರು ಹೇಳಲೇಬೇಕೆಂದಿಲ್ಲ, ಸಾಕ್ಷಿಯಾಗು ಅಂತ ಬಲವಂತ ಮಾಡುವ ಹಾಗಿಲ್ಲ, ಆಸ್ಪತ್ರೆಯವರು ಅವರಿಂದ ದುಡ್ಡು ಕೇಳುವ ಹಾಗಿಲ್ಲ.

ಗಾಡಿ ಸ್ಟಾರ್ಟ್ ಆದ ಖುಷಿಯಲ್ಲಿ ಎಲ್ಲರೂ ಮರೆಯುವುದು ಕಲ್ಲು. ಚಕ್ರಕ್ಕೆ ಕೊಟ್ಟದ್ದು, ಅಡ್ಡಕ್ಕೆ ಸಾಲಾಗಿ ಇಟ್ಟದ್ದು ಹಾಗೇ ರಸ್ತೆಯಲ್ಲಿ ಬಿಟ್ಟು ಹೊರಡುತ್ತಾರೆ. ಲಾರಿಗೆ ಅದು ಲೆಕ್ಕಕ್ಕಿಲ್ಲ, ಹಿಂದೆ ಬರುವ ಬೈಕಿನವರ ಪ್ರಾಣಕ್ಕೆ ಕುತ್ತು. ಒಂದೊಂದನ್ನೂ ಎತ್ತಿ ಚರಂಡಿ ಆಚೆ ಹಾಕಿಸಿ, ಕೊಂಬೆ ಎಳೆಸಿ. ತ್ರಿಕೋನ ಕೊನೆಗೆ ತೆಗೆಯಿರಿ. ಅವರ ಗಾಡಿ ಮೊದಲು ಹೋಗಲಿ, ನೀವು ಹಿಂದೆ ಹೊರಡಿ, ಮತ್ತೆ ನಿಂತರೆ ಗೊತ್ತಾಗುತ್ತದೆ. 1033ಕ್ಕೆ ಹೇಳಿದ್ದರೆ ಗಾಡಿ ಹೊರಟಿತು ಅಂತ ಇನ್ನೊಂದು ಫೋನ್ ಮಾಡಿ. ಇಲ್ಲದಿದ್ದರೆ ಅವರ ಕ್ರೇನ್ ಖಾಲಿ ತಿರುವಿಗೆ ಬಂದು ಹುಡುಕುತ್ತಿರುತ್ತದೆ, ಆ ಹೊತ್ತಿಗೆ ಇನ್ನೆಲ್ಲೋ ಯಾರೋ ಅದಕ್ಕೇ ಕಾಯುತ್ತಿರುತ್ತಾರೆ.